ನಲ್ಲಿಯೋ, ಕ್ಯಾನೋ? ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತನಾಲ್ಕು ಮನೆಗಳಿವೆ. ಎರಡು ವರ್ಷ ಅಲ್ಲಿನ ನಿವಾಸಿಗಳ ಸಂಘಕ್ಕೆ ಖಜಾಂಚಿಯಾಗಿದ್ದೆ. ಖಜಾಂಚಿ ಎಂದರೆ ದುಡ್ಡಿನ ಲೆಕ್ಕ ಬರೆಯುವವನು ಎಂದುಕೊಂಡು ಒಪ್ಪಿಕೊಂಡೆ. ಬರೆದದ್ದೆಲ್ಲ ನೀರಿನ ಲೆಕ್ಕ. ಒಂದು ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಹಿರಿಯರೊಬ್ಬರು ಗಾಜಿನ ಲೋಟದಲ್ಲಿ ನೀರು ಹಿಡಿದು ಬಾಗಿಲಿಗೆ ಬಂದರು. "ಇದು ಕಾವೇರಿಯೋ ಬೋರೋ ಹೇಳಿ ಸ್ವಾಮಿ, ಕುಡಿಯಬೇಕೋ ಬೇಡವೋ ಆಮೇಲೆ ನೋಡೋಣ" ಎಂದರು. ನನಗೆ ಗೊತ್ತಿರಲಿಲ್ಲ. ಕಾವಲುಗಾರನನ್ನು ಕೇಳಿದೆವು, ಅವನಿಗೂ ಗೊತ್ತಿರಲಿಲ್ಲ. ಅಷ್ಟೂ ಮನೆಯವರು ಕ್ಯಾನ್ ನೀರು ತರಿಸುತ್ತಿದ್ದದ್ದು ನಲ್ಲಿ ನೀರು ಕೆಟ್ಟದ್ದೆಂದು ತಿಳಿದಲ್ಲ, ಅದು ಏನೆಂದೇ ತಿಳಿಯದೆ.

ಬಾಟಲಿ ನೀರೋ ನಲ್ಲಿ ನೀರೋ ಎಂಬ ಚರ್ಚೆ ಬೆಂಗಳೂರಿನಲ್ಲಿ ಇಲ್ಲಿಂದಲೇ ದಾರಿ ತಪ್ಪುತ್ತದೆ. ನಮ್ಮಲ್ಲಿ ನಲ್ಲಿ ಎಂದರೆ ಒಂದೇ ನೀರಲ್ಲ, ಕ್ಯಾನ್ ಎಂದರೂ ಒಂದೇ ನೀರಲ್ಲ. ಆದ್ದರಿಂದ ಆಯ್ಕೆಗೆ ಮುಂಚೆ ಸ್ವಲ್ಪ ಪತ್ತೇದಾರಿ ಕೆಲಸವಿದೆ. ಒಂದು ವಾರಾಂತ್ಯ ಸಾಕು.

ಮೊದಲ ಹೆಜ್ಜೆ: ನಲ್ಲಿಯ ಹಿಂದೆ ಯಾವ ನೀರಿದೆ?

ಕಾವೇರಿ ನೀರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ನೂರು ಕಿಲೋಮೀಟರ್ ಆಸುಪಾಸಿನ ಹಾದಿ ಸವೆಸಿ ಊರಿಗೆ ಬರುತ್ತದೆ. ಮೊದಲ ಹಂತ ಬಂದದ್ದು 1974ರಲ್ಲಿ. ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆ ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ್ದು. ಹಾಗೆಂದು ಆ ಭಾಗದ ಎಲ್ಲ ಕಟ್ಟಡಗಳಿಗೂ ಕಾವೇರಿ ಹರಿಯುತ್ತಿದೆ ಎಂದುಕೊಳ್ಳಬೇಡಿ. ಬೀದಿಯಲ್ಲಿ ಕೊಳವೆ ಬಂದಿದ್ದರೂ ಸಂಪರ್ಕ ಪಡೆಯದ ಕಟ್ಟಡಗಳಿವೆ. ಪಡೆದ ಮೇಲೂ ಬೋರ್‌ವೆಲ್ಲನ್ನು ಬಿಡದ ಕಟ್ಟಡಗಳು ಇನ್ನೂ ಹೆಚ್ಚು.

ಪತ್ತೆ ಹೀಗೆ ಮಾಡಿ. ಜಲಮಂಡಳಿಯ ಬಿಲ್ಲು ಬರುತ್ತಿದೆಯೇ, ಅದರಲ್ಲಿ ಆರ್‌ಆರ್ ಸಂಖ್ಯೆ ಇದೆಯೇ ನೋಡಿ. ಇದ್ದು, ಬರೀ ಒಳಚರಂಡಿಗಲ್ಲದೆ ನೀರಿಗೂ ಲೆಕ್ಕ ಹಾಕಿದ್ದರೆ ಕಾವೇರಿ ಸಂಪರ್ಕವಿದೆ. ತಿಂಗಳಿಗೆ ಎಷ್ಟು ಸಾವಿರ ಲೀಟರ್ ಬಂತೆಂದು ಓದಿ, ಕಟ್ಟಡದಲ್ಲಿರುವ ಜನರ ಸಂಖ್ಯೆಯಿಂದ, ಆಮೇಲೆ ಮೂವತ್ತು ದಿನದಿಂದ ಭಾಗಿಸಿ. ಒಬ್ಬರಿಗೆ ದಿನಕ್ಕೆ ನಲವತ್ತು ಲೀಟರ್ ಎಂದು ಬಂದರೆ, ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಅಷ್ಟೇ ಸಾಲುವುದಿಲ್ಲವಲ್ಲ. ಉಳಿದದ್ದು ಬೋರ್‌ನಿಂದಲೋ ಟ್ಯಾಂಕರಿನಿಂದಲೋ ಬರುತ್ತಿದೆ ಎಂದರ್ಥ. ಕಾವಲುಗಾರರ ಕೋಣೆಯಲ್ಲಿ ಟ್ಯಾಂಕರ್ ರಿಜಿಸ್ಟರ್ ಇರುತ್ತದೆ, ಅದನ್ನು ತಿರುವಿ ಹಾಕಿ. ಬೋರ್ ಮೋಟರಿನ ಸ್ವಿಚ್ ಯಾವ ಹೊತ್ತಿಗೆ ಹಾಕುತ್ತಾರೆ ಎಂದು ಪಂಪ್ ನೋಡಿಕೊಳ್ಳುವವರನ್ನು ಕೇಳಿ. ನಮ್ಮಲ್ಲಿ ಗೊತ್ತಾದದ್ದು: ಮೂರೂ ನೀರು ಒಂದೇ ಸಂಪಿಗೆ ಬೀಳುತ್ತಿತ್ತು. ಮಂಗಳವಾರದ ಲೋಟದಲ್ಲಿದ್ದದ್ದು ಬುಧವಾರದ ಲೋಟದಲ್ಲಿ ಇರುತ್ತಿರಲಿಲ್ಲ.

ಸ್ವಂತ ಮನೆಯವರಿಗೆ ಈ ಕಷ್ಟ ಕಡಿಮೆ. ಹಳೆಯ ಬಡಾವಣೆಗಳ ಮನೆಗಳಲ್ಲಿ ಗೇಟಿನ ಪಕ್ಕದಲ್ಲೇ, ಸಂಪಿಗೆ ಬೀಳುವ ಮುಂಚೆ, ಒಂದು ನೇರ ನಲ್ಲಿ ಇರುತ್ತದೆ. ನೀರು ಬಿಟ್ಟ ಹೊತ್ತಿನಲ್ಲಿ ಅಲ್ಲಿಂದಲೇ ಬಿಂದಿಗೆ ತುಂಬಿಕೊಳ್ಳುವ ಅಜ್ಜಿಯರನ್ನು ನಾವು ಹಳೆಯ ಕಾಲದವರೆಂದು ನಕ್ಕಿದ್ದೇವೆ. ಅವರ ಲೆಕ್ಕವೇ ಸರಿ. ಜಲಮಂಡಳಿಯ ಕ್ಲೋರಿನ್ ಇನ್ನೂ ಉಳಿದಿರುವ ನೀರು ಸಿಗುವುದು ಆ ನಲ್ಲಿಯಲ್ಲೇ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ: ನೀರು ಬಿಟ್ಟ ಕೂಡಲೇ ಹಿಡಿಯಬೇಡಿ. ದಿನ ಬಿಟ್ಟು ದಿನ ನೀರು ಬರುವ ಕೊಳವೆ ನಡುವೆ ಖಾಲಿಯಾಗಿರುತ್ತದೆ. ಎಲ್ಲಾದರೂ ಬಿರುಕಿದ್ದರೆ ಖಾಲಿ ಕೊಳವೆ ಅಕ್ಕಪಕ್ಕದ ಕೊಳಕನ್ನು ಒಳಗೆಳೆದುಕೊಂಡಿರುತ್ತದೆ. ಮೊದಲ ಎರಡು ಮೂರು ಬಕೆಟ್ ಗಿಡಕ್ಕೆ ಹೋಗಲಿ.

ಎರಡನೆಯದು: ಸಂಪು

ಈ ಬರಹದಲ್ಲಿ ಒಂದೇ ಭಾಗವನ್ನು ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನಮ್ಮ ಸಂಪಿನ ಮುಚ್ಚಳ ಎತ್ತಿದ ದಿನ ಟಾರ್ಚ್ ಹಿಡಿದವನು ನಾನೇ. ಕಬ್ಬಿಣದ ಮುಚ್ಚಳದ ಒಳಮೈ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ನೀರಿನ ಮೇಲೆ ಎರಡು ಜಿರಳೆ, ಒಂದು ಹಾಲಿನ ಪೊಟ್ಟಣದ ಮೂಲೆ. ತಳದಲ್ಲಿ ಎರಡು ಬೆರಳು ದಪ್ಪದ ಕೆಸರು, ಬಿದಿರುಕೋಲಿನಿಂದ ಮುಟ್ಟಿದರೆ ಹೊಗೆಯಂತೆ ಮೇಲೇಳುತ್ತಿತ್ತು. ಮುಚ್ಚಳದ ಅಂಚು ನೆಲದ ಮಟ್ಟಕ್ಕೇ ಇದ್ದುದರಿಂದ ಕಾರು ತೊಳೆದ ನೀರು ಸೀದಾ ಒಳಗಿಳಿಯುತ್ತಿತ್ತು. ನೂರು ಕಿಲೋಮೀಟರ್ ದೂರದಿಂದ ಆಲಂ ಹಾಕಿ, ಸೋಸಿ, ಕ್ಲೋರಿನ್ ಬೆರೆಸಿ ಕಳಿಸಿದ ನೀರನ್ನು ಕೊನೆಯ ಹತ್ತು ಅಡಿಯಲ್ಲಿ ನಾವೇ ಹಾಳು ಮಾಡುತ್ತಿದ್ದೆವು. ಇದಕ್ಕೆ ಜಲಮಂಡಳಿಯನ್ನು ಬೈದು ಏನು ಪ್ರಯೋಜನ?

ನೋಡಬೇಕಾದದ್ದು ಇಷ್ಟು. ಸಂಪಿನ ಅಂಚು ನೆಲದಿಂದ ಕನಿಷ್ಠ ಅರ್ಧ ಅಡಿ ಎತ್ತರವಿರಬೇಕು, ಮುಚ್ಚಳ ಬಿಗಿಯಾಗಿ ಕೂರಬೇಕು. ಹತ್ತಿರದಲ್ಲಿ ಒಳಚರಂಡಿಯ ಚೇಂಬರ್ ಇದೆಯೇ ನೋಡಿ. ಇದ್ದು, ಅದು ಕಟ್ಟಿಕೊಂಡು ತುಂಬುವ ಅಭ್ಯಾಸವಿದ್ದರೆ ಸಂಪಿನ ಗೋಡೆಯ ಸಣ್ಣ ಬಿರುಕೂ ಅಪಾಯ. ಮೇಲಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ಅದರಲ್ಲಿ ಪಾರಿವಾಳದ ಪುಕ್ಕ ತೇಲುತ್ತಿಲ್ಲವೇ ಎಂದೂ ಹತ್ತಿ ನೋಡಿ.

ಆರು ತಿಂಗಳಿಗೊಮ್ಮೆ ತೊಳೆಸಿ. ಆದರೆ ಮನೆಗೆಲಸದವರನ್ನೋ ಕಾವಲುಗಾರರನ್ನೋ ಸಂಪಿಗೆ ಇಳಿಸಬೇಡಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಳಿದವರು, ಅವರನ್ನು ಎತ್ತಲು ಹೋದವರು ಇಬ್ಬರೂ ಸತ್ತ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಗಾಳಿ ಹಾಯಿಸುವ ಯಂತ್ರ, ಹಗ್ಗ, ಮೇಲೆ ಕಾಯುವ ಜನ ಇರುವ ತಂಡವನ್ನೇ ಕರೆಸಿ. ಐನೂರು ರೂಪಾಯಿ ಉಳಿಸಲು ಹೋಗಬೇಡಿ.

ತೊಳೆಸಿ ತುಂಬಿಸಿದ ಮೇಲೆ, ಅಥವಾ ಟ್ಯಾಂಕರ್ ಬಂದ ದಿನ, ಬ್ಲೀಚಿಂಗ್ ಪೌಡರ್ ಹಾಕುವುದುಂಟು. ಹೊಸ, ಒಳ್ಳೆಯ ಗುಣಮಟ್ಟದ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬಾರದು. ಒಂದು ಬಕೆಟ್ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ, ಒಂದು ಗಂಟೆ ಆ ನೀರನ್ನು ಮುಟ್ಟಬೇಡಿ. ಪುಡಿಯ ಚೀಲ ತೆರೆದಿಟ್ಟು ತಿಂಗಳುಗಳಾಗಿದ್ದರೆ ಅದರ ಸತ್ವ ಹಾರಿಹೋಗಿರುತ್ತದೆ, ಅಂಥದ್ದನ್ನು ಹಾಕಿದರೂ ಒಂದೇ ಬಿಟ್ಟರೂ ಒಂದೇ.

ಮೂರನೆಯದು: ಪರೀಕ್ಷೆ

ಅಡುಗೆಮನೆ ಅರ್ಧ ಪರೀಕ್ಷೆಯನ್ನು ಆಗಲೇ ಮಾಡಿರುತ್ತದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಉಳಿದರೆ, ಆರಿದ ಚಹಾದ ಮೇಲೆ ಎಣ್ಣೆಯಂಥ ತೆಳು ಪದರ ಕಟ್ಟಿದರೆ, ಸೋಪು ನೊರೆ ಬಾರದೆ ಮೊಸರಿನಂತೆ ಒಡೆದರೆ ಅದು ಗಡಸು ನೀರು; ಬೋರ್ ಎಂದೇ ತಿಳಿಯಿರಿ. ಬಿಳಿ ಬಟ್ಟೆ ಹಳದಿಗೆ ತಿರುಗಿದರೆ ಕಬ್ಬಿಣದ ಅಂಶವಿದೆ. ಇವು ರುಚಿಯ, ಅನುಕೂಲದ ಸಮಸ್ಯೆಗಳು, ಹೊಟ್ಟೆ ಕೆಡಿಸುವವಲ್ಲ. ಹೊಟ್ಟೆ ಕೆಡಿಸುವುದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. 2024ರ ಬೇಸಿಗೆಯಲ್ಲಿ ನಗರದಲ್ಲಿ ಕಾಲರಾ ಕಾಣಿಸಿಕೊಂಡಾಗ ಎಷ್ಟು ಜನ ತಿಳಿನೀರನ್ನೇ ಕುಡಿದಿದ್ದರೋ.

ಟಿಡಿಎಸ್ ಮೀಟರ್ ಈಗ ಮನೆಮನೆಗೂ ಬಂದಿದೆ. ಪೆನ್ನಿನಷ್ಟು ದೊಡ್ಡ ಸಾಧನ, ನೀರಿನಲ್ಲದ್ದಿದರೆ ಒಂದು ಅಂಕಿ ತೋರಿಸುತ್ತದೆ. ಅದು ಹೇಳುವುದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಂದಾಜು ಮಾತ್ರ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಕಾವೇರಿ ನೀರು 500ಕ್ಕಿಂತ ಬಹಳ ಕೆಳಗೇ ಇರುತ್ತದೆ. ನಗರದ ಬೋರ್‌ಗಳಲ್ಲಿ ಸಾವಿರ ದಾಟುವುದು ಅಪರೂಪವಲ್ಲ. ಹೀಗಾಗಿ ನಿಮ್ಮ ನಲ್ಲಿಯಲ್ಲಿ ಇಂದು ಯಾವ ನೀರು ಎಂದು ತಿಳಿಯಲು ಈ ಮೀಟರ್ ಬಲು ಉಪಯುಕ್ತ. ಆದರೆ ರೋಗಾಣುವಿನ ವಿಷಯದಲ್ಲಿ ಅದು ಮೂಕ. ಚರಂಡಿ ನೀರು ಒಂದಿಷ್ಟು ಬೆರೆತ ಕಾವೇರಿ ನೀರೂ 250 ಎಂದೇ ತೋರಿಸೀತು.

ರೋಗಾಣುವಿಗೆ ಎರಡು ಅಗ್ಗದ ದಾರಿಗಳಿವೆ. ಒಂದು, ಕ್ಲೋರಿನ್ ಕಿಟ್: ಸಣ್ಣ ಕೊಳವೆಯಲ್ಲಿ ನೀರು ತುಂಬಿ ಹನಿ ಹಾಕಿದರೆ ಬಣ್ಣ ಬರುತ್ತದೆ, ಅದನ್ನು ಪಟ್ಟಿಯ ಜೊತೆ ಹೋಲಿಸಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸಮಾಧಾನ ಪಡಬಹುದು. ಗೇಟಿನ ನಲ್ಲಿಯಲ್ಲಿ ಬಣ್ಣ ಬಂದು ಅಡುಗೆಮನೆಯ ನಲ್ಲಿಯಲ್ಲಿ ಬಾರದಿದ್ದರೆ, ನಡುವಿನ ಸಂಪಿನಲ್ಲೋ ಟ್ಯಾಂಕಿನಲ್ಲೋ ಏನೋ ಅದನ್ನು ತಿಂದುಹಾಕಿದೆ. ಇನ್ನೊಂದು, ಹೈಡ್ರೋಜನ್ ಸಲ್ಫೈಡ್ ಸೀಸೆ: ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿರುವ ಜಾಗದಲ್ಲಿ ಒಂದೆರಡು ದಿನ ಇಡುವುದು. ಮಲದ ಸಂಪರ್ಕವಿದ್ದ ನೀರು ಕಪ್ಪಾಗುತ್ತದೆ. ನಮ್ಮ ಸಂಪಿನ ಸೀಸೆ ಮರುದಿನ ಸಂಜೆಯ ಹೊತ್ತಿಗೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದನ್ನು ಸಂಘದ ಸಭೆಯಲ್ಲಿ ಮೇಜಿನ ಮೇಲಿಟ್ಟೆ. ತೊಳೆಸುವ ಖರ್ಚಿಗೆ ಅಂದು ಯಾರೂ ತಕರಾರು ತೆಗೆಯಲಿಲ್ಲ.

ಬೋರ್ ಅಥವಾ ಟ್ಯಾಂಕರ್ ನೀರು ಕುಡಿಯಲೇಬೇಕಾದವರು ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯಕ್ಕೆ ಕೊಡಿ. ನಗರದಲ್ಲಿ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳು ಸಾಕಷ್ಟಿವೆ. "ಎಲ್ಲ ಪರೀಕ್ಷೆ ಮಾಡಿ" ಎಂದರೆ ಬಿಲ್ಲು ಬೆಳೆಯುತ್ತದೆ. ನೈಟ್ರೇಟ್, ಫ್ಲೋರೈಡ್, ಗಡಸುತನ, ಇ. ಕೋಲಿ (ಮಲದ ಬೆರಕೆ ತೋರಿಸುವ ಬ್ಯಾಕ್ಟೀರಿಯಾ) ಎಂದು ಹೆಸರಿಟ್ಟು ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಅದಕ್ಕೆ ರಿಯಾಯಿತಿಯಿಲ್ಲ, ಫ್ಲೋರೈಡ್ 1.5ರ ಒಳಗಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ಮಾದರಿಗೆ ಹಳೆಯ ಕೂಲ್‌ಡ್ರಿಂಕ್ ಬಾಟಲಿ ಒಯ್ಯಬೇಡಿ, ಅವರದೇ ಶುದ್ಧೀಕರಿಸಿದ ಸೀಸೆ ಕೇಳಿ ಪಡೆಯಿರಿ.

ನಾಲ್ಕನೆಯದು: ನಲ್ಲಿ ನೀರಿಗೆ ತಕ್ಕ ಉಪಾಯ

ಇಲ್ಲಿ ಒಬ್ಬ ಮಾರಾಟಗಾರನ ಕಥೆ ಹೇಳಲೇಬೇಕು. ನೀಟಾದ ಅಂಗಿ ತೊಟ್ಟ ಯುವಕ ಎರಡು ಲೋಟ ಇಟ್ಟ: ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳಿರುವ ಒಂದು ಸಾಧನ ಇಳಿಸಿ ವಿದ್ಯುತ್ ಹಾಯಿಸಿದ. ನಿಮಿಷದೊಳಗೆ ನಲ್ಲಿ ನೀರು ಕಂದಾಗಿ, ಮೇಲೆ ಹಸಿರು ಮಿಶ್ರಿತ ಕಪ್ಪು ನೊರೆ ಬಂತು. ಯಂತ್ರದ ನೀರು ಮುತ್ತಿನಂತೆ ನಿಂತಿತ್ತು. "ನೋಡಿ ಸಾರ್, ಇಷ್ಟು ದಿನ ಕುಡಿದದ್ದು ಇದನ್ನೇ" ಎಂದ. ನನ್ನ ಹೆಂಡತಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಮುತ್ತಿನ ನೀರಿಗೆ ಹಾಕಿ, "ಈಗ ಮತ್ತೊಮ್ಮೆ ಸ್ವಿಚ್ ಹಾಕಪ್ಪ" ಎಂದಳು. ಅದು ನಲ್ಲಿ ನೀರಿಗಿಂತ ಕೆಟ್ಟದಾಗಿ ಕಂದಾಯಿತು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಕರಗುತ್ತದೆ. ಆ ಕೊಳೆ ಕಡ್ಡಿಯದು, ನೀರಿನದಲ್ಲ. ಹುಡುಗ ಪಾಪ, ಕಾಫಿ ಕುಡಿದು ಹೋದ.

ಕಾವೇರಿ ನೀರೇ ಬರುವ, ಸಂಪು ಚೊಕ್ಕಟವಾಗಿರುವ ಮನೆಗೆ ಆರ್‌ಒ (ಒತ್ತಡ ಹಾಕಿ ಸೂಕ್ಷ್ಮ ಪೊರೆಯ ಮೂಲಕ ಲವಣ ಸೋಸುವ ಯಂತ್ರ) ಬೇಡ. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ, ಜೊತೆಗೆ ಒಳ್ಳೆಯ ಖನಿಜಗಳನ್ನೂ ತೆಗೆದುಹಾಕುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಇಂಥ ಮನೆಗೆ ಕುದಿಸುವುದು ಸಾಕು. ನೀರು ಗುಳ್ಳೆಯೊಡೆದು ಚೆನ್ನಾಗಿ ಮರಳಲು ಶುರುವಾದ ಮೇಲೆ ಒಂದು ನಿಮಿಷ. ಕಾಲು ಗಂಟೆ ಕುದಿಸಿ ಗ್ಯಾಸ್ ಸುಡಬೇಕಾಗಿಲ್ಲ. ಆರಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಕುದಿಸಿದ ನೀರನ್ನು ತೊಳೆಯದ ಹೂಜಿಗೆ ಬಗ್ಗಿಸಿ, ಅದಕ್ಕೆ ಎಲ್ಲರೂ ಕೈಯಲ್ಲಿರುವ ಲೋಟವನ್ನೇ ಅದ್ದುವ ಮನೆಗಳನ್ನು ನೋಡಿದ್ದೇನೆ. ಕುದಿಸುವ ಸೋಮಾರಿತನವಿದ್ದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಯಂತ್ರ ತನ್ನಿ. ಅದಕ್ಕೆ ತಿಳಿನೀರು ಬೇಕು, ವಿದ್ಯುತ್ ಬೇಕು, ವರ್ಷಕ್ಕೊಮ್ಮೆ ದೀಪ ಬದಲಾಗಬೇಕು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯಂತ್ರದ ಮೈಮೇಲೆ ಪೆನ್ನಿನಿಂದ ದಿನಾಂಕ ಬರೆದಿಡಿ.

ಬೋರ್ ನೀರಿನ ಟಿಡಿಎಸ್ 500 ದಾಟಿದರೆ, ಅಥವಾ ನೈಟ್ರೇಟ್, ಫ್ಲೋರೈಡ್ ಹೆಚ್ಚಿದ್ದರೆ ಆರ್‌ಒಗೆ ಅರ್ಥವಿದೆ. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಪುಟ್ಟ ಮಗುವಿಗೆ ಹಾಲಿನ ಪುಡಿ ಕಲಸುವ ಮನೆಗಳು ನೈಟ್ರೇಟ್ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು; ಶಿಶುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಯಂತ್ರ ಚೆಲ್ಲುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ತುಳಸಿಗೆ ಹಾಕಬೇಡಿ, ಉಪ್ಪು ಕಟ್ಟುತ್ತದೆ.

ಅಪಾರ್ಟ್‌ಮೆಂಟಿನ ಸಾಫ್ಟನರ್ (ಗಡಸು ನೀರನ್ನು ಮೆದುಮಾಡುವ ಯಂತ್ರ) ಬಗ್ಗೆ ಒಂದು ಮಾತು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಬಟ್ಟೆಗೆ, ಕೂದಲಿಗೆ ಚೆನ್ನ. ನೀರು ಶುದ್ಧವಾಯಿತೆಂದು ಮಾತ್ರ ತಿಳಿಯಬೇಡಿ. ರಕ್ತದೊತ್ತಡದವರಿರುವ ಮನೆ ಕುಡಿಯುವ ನೀರನ್ನು ಅದನ್ನು ಹಾಯದ ಕೊಳವೆಯಿಂದಲೇ ಪಡೆಯುವುದು ಮೇಲು.

ಐದನೆಯದು: ಕ್ಯಾನ್ ಬೇಕೇ ಬೇಕೆಂದರೆ

ಮೊದಲು ಖರ್ಚು. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಹತ್ತು ಲೀಟರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ತು ಲೀಟರಿನ ಹದಿನೈದು ಕ್ಯಾನ್. ಒಂದಕ್ಕೆ ಅರವತ್ತು ರೂಪಾಯಿಯಂತೆ ಒಂಬತ್ತು ನೂರು. ವರ್ಷಕ್ಕೆ ಹತ್ತು ಸಾವಿರದ ಎಂಟುನೂರು. ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ದರ ಏರಿಸಿದ ಮೇಲೂ ಗೃಹಬಳಕೆಯ ಮೊದಲ ಹಂತದಲ್ಲಿ ಲೀಟರಿಗೆ ಒಂದು ಪೈಸೆ ಆಗುವುದಿಲ್ಲ. ಅದೇ ಮುನ್ನೂರು ಲೀಟರಿಗೆ ಮೂರು ರೂಪಾಯಿಯೊಳಗೆ. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದೋ ಹತ್ತೋ ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ನಡುವಿನ ದಾರಿ. ಅಲ್ಲಿ ನೀರು ಸೋಸುವ ಪೊರೆ (ಮೆಂಬ್ರೇನ್) ಯಾವಾಗ ಬದಲಿಸಿದರು, ಪರೀಕ್ಷಾ ವರದಿ ಎಲ್ಲಿ ಅಂಟಿಸಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ಒಯ್ಯುವ ಕ್ಯಾನ್ ಸ್ವಚ್ಛವಾಗಿರಬೇಕಾದದ್ದು ನಮ್ಮ ಜವಾಬ್ದಾರಿ.

ಬೆಂಗಳೂರಿನ ಕ್ಯಾನ್ ನೀರು ಹಿಮಾಲಯದಿಂದ ಬಂದದ್ದಲ್ಲ. ಬಹುಪಾಲು ಊರಂಚಿನ ಯಾವುದೋ ಬೋರಿನದು, ಆರ್‌ಒ ಹಾಯ್ದದ್ದು. ನಾವು ಎಲ್ಲವನ್ನೂ ಮಿನರಲ್ ವಾಟರ್ ಎಂದು ಕರೆಯುತ್ತೇವೆ. ಲೇಬಲ್ಲಿನಲ್ಲಿ ನ್ಯಾಚುರಲ್ ಮಿನರಲ್ ವಾಟರ್ ಎಂದು, ಮಾನಕ 13428 ಎಂದು ಇದ್ದರೆ ಮಾತ್ರ ಅದು ಚಿಲುಮೆಯಿಂದಲೋ ನೆಲದಡಿಯ ಸೆಲೆಯಿಂದಲೋ ನೇರವಾಗಿ ತುಂಬಿದ ನೀರು. 14543 ಎಂದಿದ್ದರೆ ಶುದ್ಧೀಕರಿಸಿ ತುಂಬಿದ ಸಾಮಾನ್ಯ ನೀರು. ಅದರಲ್ಲಿ ತಪ್ಪೇನಿಲ್ಲ, ದುಬಾರಿ ಎಂದ ಮಾತ್ರಕ್ಕೆ ಪವಿತ್ರವಲ್ಲ ಅಷ್ಟೇ.

ಕ್ಯಾನ್ ಬಂದಾಗ ನೋಡಬೇಕಾದದ್ದು: ಮುಚ್ಚಳದ ಮೇಲಿನ ಸೀಲು ಬಿಗಿಯಾಗಿದೆಯೇ, ತುಂಬಿದ ದಿನಾಂಕ ಇದೆಯೇ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇದೆಯೇ. ಐಎಸ್‌ಐ ಗುರುತು ವರ್ಷಗಟ್ಟಲೆ ಕಡ್ಡಾಯವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಷರತ್ತನ್ನು ಕೈಬಿಟ್ಟು, ಆಮೇಲೆ ಬಾಟಲಿ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ಸಾಲಿಗೆ ಸೇರಿಸಿತು. ಗುರುತು ಇರುವ ಕ್ಯಾನೇ ನನ್ನ ಆಯ್ಕೆ. ಆ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಆ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ವಿಳಾಸ ಬರುತ್ತದೆ. ಒಮ್ಮೆ ನಮ್ಮ ಕ್ಯಾನಿನ ಸಂಖ್ಯೆ ಹಾಕಿದಾಗ ಬೇರೆಯದೇ ಹೆಸರು ಬಂತು. ತಂದುಕೊಡುವ ಹುಡುಗನನ್ನು ಕೇಳಿದರೆ, "ಲೇಬಲ್ ಹಳೆಯದು ಸಾರ್, ನೀರು ಹೊಸದು" ಎಂದ. ಅಂದಿಗೆ ಆ ಸಹವಾಸ ಬಿಟ್ಟೆವು.

ಖಾಲಿ ಕ್ಯಾನನ್ನು ಬೆಳಕಿಗೆ ಹಿಡಿದು ತಳದ ಮೂಲೆಗಳನ್ನು ನೋಡಿ. ಹಸಿರು ಉಂಗುರ ಕಂಡರೆ ಅದು ಪಾಚಿ. ತೊಳೆಯದೆ ತುಂಬಿದ್ದಾರೆ, ಬಿಸಿಲಿನಲ್ಲಿಟ್ಟಿದ್ದಾರೆ. ಗೀರುಗಳಿಂದ ಮಂಕಾದ ಹಳೆಯ ಕ್ಯಾನನ್ನು ವಾಪಸು ಮಾಡಿ. ಡಿಸ್ಪೆನ್ಸರಿನ ನಲ್ಲಿಯನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಿರಿ. ಬಿಚ್ಚಿ ನೋಡಿದವರಿಗೆ ಈ ಮಾತನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ. ಸೀಲು ಒಡೆದ ಕ್ಯಾನ್ ಮೂರು ನಾಲ್ಕು ದಿನದಲ್ಲಿ ಮುಗಿಯಲಿ. 2025ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಬಾಟಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದಾಗ ಸುರಕ್ಷಿತ ಎಂದು ಬಂದವುಗಳಿಗಿಂತ ಅಸುರಕ್ಷಿತ, ಕಳಪೆ ಎಂದು ಬಂದವೇ ಹೆಚ್ಚಿದ್ದವು. ಕ್ಯಾನ್ ಎಂದರೆ ಕಣ್ಣು ಮುಚ್ಚಿ ನಂಬಬಹುದಾದದ್ದು ಎಂಬ ಭಾವನೆ ಬಿಡಲು ಇಷ್ಟು ಸಾಕು.

ಹೊರಗೆ ಹೋದಾಗ

ಮನೆಯಿಂದ ಸ್ಟೀಲ್ ಬಾಟಲಿ. ದರ್ಶಿನಿಗಳಲ್ಲಿ "ಬಿಸಿ ನೀರು ಕೊಡಿ" ಎಂದರೆ ಕೊಡುತ್ತಾರೆ, ಅದರ ಮುಂದೆ ಬಾಟಲಿ ಯಾಕೆ? ದೊಡ್ಡ ಹೋಟೆಲಿನಲ್ಲಿ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೆಂದು ಜಗಳ ಆಡಬೇಡಿ. ಕೂತು ತಿನ್ನುವ ಜಾಗದಲ್ಲಿ ಅದಕ್ಕೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ರೈಲಿನಲ್ಲಿ ಮಾತ್ರ ಜಗಳ ಆಡಿ: ರೈಲ್ವೆಯದೇ ಬಾಟಲಿ ನೀರು ‘ರೈಲ್ ನೀರ್’ ಲೀಟರಿಗೆ 2025ರ ಸೆಪ್ಟೆಂಬರ್‌ನಲ್ಲಿ ಹದಿನಾಲ್ಕು ರೂಪಾಯಿಗೆ ಇಳಿದಿದೆ. ಬಾಟಲಿ ಕೊಳ್ಳಲೇಬೇಕಾದರೆ ಮುಚ್ಚಳ ತಿರುಗಿಸುವಾಗ ಉಂಗುರ ಚಟಕ್ಕೆಂದು ಮುರಿಯುವ ಸದ್ದು ಕೇಳಿ. ಅಂಗಡಿಯ ಮುಂದೆ ಬಿಸಿಲಿನಲ್ಲಿ ಜೋಡಿಸಿಟ್ಟದ್ದನ್ನು ಬಿಟ್ಟು ಒಳಗಿನದು ಕೇಳಿ. ಖಾಲಿಯಾದದ್ದನ್ನು ಮತ್ತೆ ಮತ್ತೆ ತುಂಬಿ ಬಳಸಬೇಡಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಎಣಿಸಿ 2024ರ ಜನವರಿಯಲ್ಲಿ ಪ್ರಕಟಿಸಿದರು. ಅವು ದೇಹಕ್ಕೆ ಏನು ಮಾಡುತ್ತವೆ ಎಂಬುದು ಇನ್ನೂ ಅಧ್ಯಯನದಲ್ಲಿದೆ, ನಾನಂತೂ ಅವಸರದಿಂದ ಹೆದರುವುದಿಲ್ಲ. ಸ್ಟೀಲ್ ಬಾಟಲಿ ಮಾತ್ರ ಬಿಡುವುದಿಲ್ಲ.

ನೀರು ಕೆಟ್ಟ ದಿನ

ವರ್ಷಕ್ಕೊಂದೆರಡು ಸಲ ಇದು ಬಂದೇ ಬರುತ್ತದೆ. ನಲ್ಲಿ ತಿರುಗಿಸಿದರೆ ಚರಂಡಿಯ ವಾಸನೆ, ಅಥವಾ ಚಹಾದ ಬಣ್ಣ. ಮೊದಲು ಸಂಪಿಗೆ ಹೋಗುವ ಒಳಹರಿವಿನ ವಾಲ್ವ್ ಮುಚ್ಚಿ, ಇರುವ ಒಳ್ಳೆಯ ನೀರಾದರೂ ಉಳಿಯಲಿ. ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದಿಟ್ಟು ಫೋಟೊ ತೆಗೆದು, ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಪಡೆಯಿರಿ. ಅಕ್ಕಪಕ್ಕದ ಮನೆಯವರನ್ನೂ ಕೇಳಿ. ಬೀದಿಗೆಲ್ಲ ಹಾಗೇ ಇದ್ದರೆ ಕೊಳವೆ ಒಡೆದಿದೆ, ನಿಮಗೊಬ್ಬರಿಗೇ ಇದ್ದರೆ ದೋಷ ನಿಮ್ಮ ಗೇಟಿನ ಒಳಗಿದೆ. ವಾಸನೆ ಬಂದ ನೀರನ್ನು ಕುದಿಸಿ ಕುಡಿಯುವ ಸಾಹಸ ಬೇಡ. ಅಂಥ ವಾರ ಕ್ಯಾನ್ ತರಿಸಿ, ಹಲ್ಲುಜ್ಜಲು, ತರಕಾರಿ ತೊಳೆಯಲು ಕೂಡ. ಟ್ಯಾಂಕರ್ ಬೇಕಾದರೆ ಜಲಮಂಡಳಿಯದೇ ಸಂಚಾರಿ ಕಾವೇರಿ ಸೇವೆಯಲ್ಲಿ ಸಿಗುವುದೇ ಎಂದು ಮೊದಲು ನೋಡಿ, ಅಲ್ಲಿ ಬರುವುದು ಕಾವೇರಿ ನೀರೇ.

ನಮ್ಮ ಕಟ್ಟಡದಲ್ಲಿ ಈಗ ಲಿಫ್ಟಿನ ಪಕ್ಕ ಒಂದು ಕಪ್ಪು ಹಲಗೆ ಇದೆ. ಬೆಳಿಗ್ಗೆ ಆರಕ್ಕೆ ಕಾವಲುಗಾರ ಮೀಟರ್ ಅದ್ದಿ, ಅಂದಿನ ಟಿಡಿಎಸ್ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದು, ಪಕ್ಕದಲ್ಲಿ ಕಾವೇರಿ, ಬೋರ್ ಅಥವಾ ಟ್ಯಾಂಕರ್ ಎಂದು ಸೇರಿಸುತ್ತಾನೆ. ಮೂರನೇ ಮಹಡಿಯ ಹಿರಿಯರು ವಾಕಿಂಗ್ ಮುಗಿಸಿ ಬಂದು ಅದನ್ನು ಓದಿಯೇ ಮೇಲೆ ಹೋಗುವುದು. ಕಾವೇರಿ ಎಂದಿದ್ದರೆ ನಮ್ಮ ಮನೆಯಲ್ಲಿ ನಲ್ಲಿ ನೀರು ಒಲೆಯ ಮೇಲೇರುತ್ತದೆ. ಟ್ಯಾಂಕರ್ ಎಂದು ಬರೆದ ದಿನ ಮೂಲೆಯಲ್ಲಿಟ್ಟ ಒಂದೇ ಒಂದು ಕ್ಯಾನಿನ ಸೀಲು ಒಡೆಯುತ್ತೇವೆ.